ವಿಚಾರಪ್ಪನವರ ವೈಫೈ

ಶಿರಾದಲ್ಲಿ ಅವರು ಬ್ಯಾಂಕಿನೋರು, ಮಧುಗಿರಿಯಲ್ಲಿ ಮೇಷ್ಟ್ರು, ಕೊರಟಗೆರೆಯಲ್ಲಿ ತಾಲ್ಲೂಕು ಆಫೀಸಿನೋರು, ಪಾವಗಡದಲ್ಲಿ ಸೋಲಾರ್‌ನೋರು. ಊರು ಬೇರೆ, ಸಂಬಳ ಬೇರೆ, ತಳಿ ಮಾತ್ರ ಒಂದೇ. ಬಾಡಿಗೆ ಮನೆಯಲ್ಲಿ ಹಾಲುಕ್ಕಿಸಿದ ಮೇಲೆ ಯುಗಾದಿ, ಗೌರಿ ಹಬ್ಬ ಎರಡೂ ಕಳೆದಿರುತ್ತವೆ. ಮನೆಗಿನ್ನೂ ಇಂಟರ್‌ನೆಟ್ ಬಂದಿರುವುದಿಲ್ಲ. ಹಾಗೆಂದು ಇಂಟರ್‌ನೆಟ್ಟಿನ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಏನಾದರೂ ಇದೆಯೇ ಎಂದರೆ, ಅದೂ ಇಲ್ಲ. ಯಾರು ಕೇಳಿದರೂ "ವಿಚಾರಿಸ್ತಾ ಇದೀನಿ" ಎಂದೇ ಹೇಳುವುದರಿಂದ ಇವರನ್ನೆಲ್ಲ ಸೇರಿಸಿ ವಿಚಾರಪ್ಪನವರು ಎಂದು ಕರೆದರೆ ತಪ್ಪಾಗಲಾರದು.

ವಿಚಾರಪ್ಪನವರ ಡೈರಿಯಲ್ಲಿ ಸ್ಕೇಲು ಇಟ್ಟು ಗೆರೆ ಎಳೆದ ಒಂದು ಪುಟವಿದೆ. 2020ರಲ್ಲಿ ಜಿಯೋದವರು 399 ರೂಪಾಯಿಗೆ 30 ಎಂಬಿಪಿಎಸ್ ಎಂದದ್ದು, ಅದೇ ವರ್ಷ ಏರ್‌ಟೆಲ್‌ನವರು 499ಕ್ಕೆ 40 ಎಂದದ್ದು, ಬಿಎಸ್‌ಎನ್‌ಎಲ್‌ನವರು 449ಕ್ಕೆ 30 ಎಂದದ್ದು, ಎಲ್ಲವೂ ಅಲ್ಲಿ ದಾಖಲು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಶೇಕಡಾ 18 ಜಿಎಸ್‌ಟಿ. "399 ಅಂದ್ರೆ 399 ಅಲ್ಲ ಸ್ವಾಮಿ, 470 ರೂಪಾಯಿ 82 ಪೈಸೆ" ಎಂದು ಹೇಳುವಾಗ ಆ 82 ಪೈಸೆಯನ್ನು ಬಚ್ಚಿಟ್ಟ ಜಾಗದಿಂದ ಅವರೇ ಎಳೆದು ತಂದ ಠೀವಿ ಮುಖದಲ್ಲಿರುತ್ತದೆ. ಕಟಿಂಗ್ ಶಾಪಿನಲ್ಲಿ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ನೊರೆ ಹಚ್ಚಿರುವಾಗಲೂ ಪಾಠ ನಿಲ್ಲುವುದಿಲ್ಲ. "ಅವ್ರು ಹೇಳೋದು ಮೆಗಾಬಿಟ್ಟು, ನಾವು ತಿಳ್ಕೊಳ್ಳೋದು ಮೆಗಾಬೈಟು. ಎಂಟರಿಂದ ಭಾಗಿಸ್ಬೇಕು. ಮೂವತ್ತು ಅಂದ್ರೆ ಸೆಕೆಂಡಿಗೆ ಮೂರೂಮುಕ್ಕಾಲು, ಅಷ್ಟೇ." ಲೆಕ್ಕ ಸರಿಯಾಗಿಯೇ ಇದೆ. ಭಾಗಿಸಲು ಮನೆಯಲ್ಲಿ ಕನೆಕ್ಷನ್ ಇಲ್ಲ ಅನ್ನುವುದೊಂದೇ ಕೊರತೆ.

ಅವರ ದೊಡ್ಡ ಭಯವೆಂದರೆ ಮಿತಿ. ಅನ್‌ಲಿಮಿಟೆಡ್ ಎಂದು ದೊಡ್ಡಕ್ಷರದಲ್ಲಿ ಬರೆದ ಪ್ಲಾನಿನ ಕೆಳಗೆ ಸಣ್ಣಕ್ಷರದಲ್ಲಿ, ತಿಂಗಳಿಗೆ 3300 ಜಿಬಿ ದಾಟಿದರೆ ವೇಗ ಇಳಿಯುತ್ತದೆ ಎಂದಿರುವುದನ್ನು ಅವರು ಕನ್ನಡಕ ಏರಿಸಿ ಓದಿದ್ದಾರೆ. ಒಂದು ಟೀವಿಯಲ್ಲಿ ಸ್ವಚ್ಛವಾದ ಎಚ್‌ಡಿ ಸಿನಿಮಾ ನೋಡಿದರೆ ಗಂಟೆಗೆ ಸುಮಾರು 3 ಜಿಬಿ. 3300 ಮುಗಿಯಲು 1100 ಗಂಟೆ ಬೇಕು. 30 ದಿನದ ತಿಂಗಳಲ್ಲಿ ಇರುವುದೇ 720 ಗಂಟೆ. ಪಿಯುಸಿ ಓದುವ ಮಗಳು ಇದನ್ನು ಅವರದೇ ಡೈರಿಯ ಹಿಂದಿನ ಪುಟದಲ್ಲಿ ಮಾಡಿ ತೋರಿಸಿದಳು. ವಿಚಾರಪ್ಪನವರು ಪರಿಶೀಲಿಸಿದರು, ತಪ್ಪು ಸಿಗಲಿಲ್ಲ. "ಆದ್ರೂ ಅಕಸ್ಮಾತ್ ಮುಗಿದ್ರೆ?" ಎಂದರು.

ಅಲ್ಲಿಯವರೆಗೆ ಸಂಸಾರ ನಡೆಯುತ್ತಿರುವುದು ಆ ಮಗಳ ಫೋನಿನ ಹಾಟ್‌ಸ್ಪಾಟಿನಲ್ಲಿ. ದಿನಕ್ಕೆ ಒಂದೂವರೆ ಜಿಬಿ. ಸಂಜೆ ಅಮ್ಮನ ಧಾರಾವಾಹಿಗೆ ಅರ್ಧ ಹೋಯಿತು, ಪ್ಲಾನು ಹೋಲಿಸುವ ಅಪ್ಪನ ವಿಡಿಯೋಗಳಿಗೆ ಉಳಿದರ್ಧ ಹೋಯಿತು. ಮಗಳು ಪುಸ್ತಕ ಮುಂದಿಟ್ಟುಕೊಂಡು ರಾತ್ರಿ ಹನ್ನೆರಡು ಹೊಡೆದು ಹೊಸ ಜಿಬಿ ಹುಟ್ಟುವುದನ್ನೇ ಕಾಯುತ್ತಾಳೆ.

ಈ ಒಂದೇ ತಳಿ ಊರೂರಿನ ಹವೆಗೆ ತಕ್ಕಂತೆ ಸ್ವಲ್ಪ ಬಣ್ಣ ಬದಲಿಸುತ್ತದೆ. ಶಿರಾ 1687ರಲ್ಲಿ ಮೊಗಲರು ಹಿಡಿದು ತಮ್ಮ ಸುಬಾಕ್ಕೆ ಕೇಂದ್ರ ಮಾಡಿಕೊಂಡ ಊರು. ಸುಬಾದ ಕೇಂದ್ರ ಯಾವುದೆಂದು ತೀರ್ಮಾನಿಸಲು ಔರಂಗಜೇಬನ ಕಡೆಯವರು ಮಾಡದಷ್ಟು ಸಮಾಲೋಚನೆಯನ್ನು ಅಲ್ಲಿನ ವಿಚಾರಪ್ಪನವರು ಒಂದು ರೂಟರಿಗಾಗಿ ಮಾಡುತ್ತಾರೆ. ಊರು ಬೆಂಗಳೂರು-ಪುಣೆ ಹೆದ್ದಾರಿಯ ಮೇಲಿದೆ. ಫೈಬರ್ ಕೇಬಲ್ಲುಗಳು ಹೆದ್ದಾರಿಯ ಪಕ್ಕ ಹಿಡಿದು ಬರುವುದು ವಾಡಿಕೆಯಾದ್ದರಿಂದ ಇಂಥ ಕಡೆ ಆಯ್ಕೆ ಜಾಸ್ತಿ. ಆಯ್ಕೆ ಜಾಸ್ತಿಯಾದಷ್ಟೂ ವಿಚಾರಣೆ ಉದ್ದ. ಒಂದು ಕಂಪನಿ ಗಟ್ಟಿಯಾಯಿತು ಎನ್ನುವ ಹೊತ್ತಿಗೆ ಚರಂಡಿ ಕೆಲಸಕ್ಕೆ ಬಂದ ಜೆಸಿಬಿ ಪಕ್ಕದ ಬೀದಿಯಲ್ಲಿ ಅದರ ಕೇಬಲ್ಲನ್ನೇ ಎತ್ತಿ ಬಿಸಾಡಿರುತ್ತದೆ. ಡೈರಿಯಲ್ಲಿ ಆ ಕಂಪನಿಯ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಜೆಸಿಬಿಗೆ ಕಂಪನಿಭೇದವಿಲ್ಲ ಎಂಬುದು ಅವರ ಪಟ್ಟಿಯಲ್ಲಿಲ್ಲ.

ಮಧುಗಿರಿಯ ವಿಚಾರಪ್ಪನವರಿಗೆ ತಂತಿಯ ಗೊಡವೆಯೇ ಬೇಡವೆನಿಸಿದೆ. 2023ರ ಸೆಪ್ಟೆಂಬರಿನಲ್ಲಿ ಜಿಯೋ ಏರ್‌ಫೈಬರ್ ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಶುರುವಾದಾಗಿನಿಂದ ಅವರು ಗಾಳಿಯ ಕಡೆ ವಾಲಿದ್ದಾರೆ. ಆದರೆ ಊರಿನ ನೆತ್ತಿಯ ಮೇಲೆ 3930 ಅಡಿಯ ಏಕಶಿಲಾ ಬೆಟ್ಟ ಕೂತಿದೆ. ರೇಡಿಯೋ ಅಲೆ ಗಾಳಿಯಲ್ಲಿ ಹೋದೀತೇ ಹೊರತು ಅಖಂಡ ಬಂಡೆಯೊಳಗೆ ತೂರಲಾರದು. ಟವರು ಬೆಟ್ಟದ ಈಚೆಗೋ ಆಚೆಗೋ ಎಂದು ನೋಡಲು ತಾರಸಿ ಹತ್ತಬೇಕು. ಏರ್‌ಫೈಬರಿನ ಡಬ್ಬಿ ಕೂರಿಸುವುದೂ ತಾರಸಿಯಲ್ಲೇ. ತಾರಸಿಯ ಬೀಗದ ಕೈ ಓನರಮ್ಮನ ಸೊಂಟದಲ್ಲಿ, ತಾರಸಿಯ ತುಂಬ ಓನರಮ್ಮನ ಹುಣಸೆಹಣ್ಣು.

ಕೊರಟಗೆರೆಯವರ ಕಷ್ಟವೇ ಬೇರೆ. ಶುಕ್ರವಾರ ಗೊರವನಹಳ್ಳಿ ಮಹಾಲಕ್ಷ್ಮಿಗೆ, ರಜೆ ಬಂದರೆ ಸಿದ್ಧರಬೆಟ್ಟಕ್ಕೆ ಹೊರಟ ನೆಂಟರೆಲ್ಲ "ದಾರೀಲೇ ಅಲ್ವಾ" ಎಂದು ಒಳಗೆ ಬರುತ್ತಾರೆ. ಒಂದು ಕಾಲದಲ್ಲಿ ಕೈಕಾಲು ತೊಳೆಯಲು ನೀರು ಕೇಳುತ್ತಿದ್ದವರು ಈಗ ಕೇಳುವುದು ಪಾಸ್‌ವರ್ಡು. ಜೊತೆಗೆ ಕೋತಿಗಳ ಚಿಂತೆ. 2015ರಲ್ಲಿ ವಾರಾಣಸಿಯ ಗಂಗಾತೀರದಲ್ಲಿ ವೈಫೈಗೆಂದು ಎಳೆದ ಫೈಬರ್ ಕೇಬಲ್ಲನ್ನು ಕೋತಿಗಳು ಕಡಿದು ಹಾಕಿದ್ದು ಸುದ್ದಿಯಾಗಿತ್ತಲ್ಲ, ಆ ತುಣುಕು ಇವರ ಬಳಿ ಭದ್ರವಾಗಿದೆ. "ಕಾಶೀ ಕೋತಿಗೇ ಬುದ್ಧಿ ಇಲ್ದಿದ್ರೆ ನಮ್ ಬೆಟ್ಟದ ಕೋತಿಗೆ ಇರ್ತದಾ?" ಎಂಬುದು ಅವರ ವಾದ.

ಪಾವಗಡದಲ್ಲಿ ವಿಚಾರಣೆ ಅಂತರರಾಜ್ಯ ಮಟ್ಟಕ್ಕೇರುತ್ತದೆ. ತಾಲ್ಲೂಕಿನ ಮೂರು ದಿಕ್ಕಿಗೂ ಆಂಧ್ರ. ಗಡಿ ಹಳ್ಳಿಯಲ್ಲಿ ಫೋನು ಒಮ್ಮೊಮ್ಮೆ ಮಡಕಶಿರಾ ಕಡೆಯ ಟವರಿಗೆ ಹೊಂದಿಕೊಂಡು, ಕದಲದೆ ಕೂತವರಿಗೂ ಆಂಧ್ರಕ್ಕೆ ಸ್ವಾಗತ ಕೋರುತ್ತದೆ. ಮನೆ ಹಳೆಯ ಕಾಲದ್ದಾದರೆ ಗೋಡೆ ಸೈಜುಗಲ್ಲು, ಸೂರು ಚಪ್ಪಡಿ; 5 ಗಿಗಾಹರ್ಟ್ಸಿನ ವೈಫೈ ನಡುಮನೆಯಿಂದ ಅಡುಗೆಮನೆಗೆ ದಾಟುವಷ್ಟರಲ್ಲಿ ಸುಸ್ತು. ಇನ್ನು ಕರೆಂಟು. ತಿರುಮಣಿ ಸುತ್ತ 13,000 ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕಿನ ಸಾಮರ್ಥ್ಯ 2050 ಮೆಗಾವ್ಯಾಟ್. ವಿಚಾರಪ್ಪನವರ ರೂಟರಿಗೆ ಬೇಕಾದದ್ದು ಹತ್ತು ಹದಿನೈದು ವ್ಯಾಟು. ಆ ಹದಿನೈದು ವ್ಯಾಟು ಕರೆಂಟು ಹೋದಾಗಲೂ ಇರಬೇಕೆಂದರೆ ಪುಟ್ಟ ಯುಪಿಎಸ್ ಬೇಕು. ಈಗ ಡೈರಿಯಲ್ಲಿ ಯುಪಿಎಸ್‌ಗೇ ಪ್ರತ್ಯೇಕ ಪುಟ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಯಾವ ಕಂಪನಿ ಒಳಗೆ ಬರಬೇಕೆಂದು ಅಸೋಸಿಯೇಷನ್ ಮೀಟಿಂಗಿನಲ್ಲಿ ತೀರ್ಮಾನವಾಗುತ್ತದಂತೆ. ಇಲ್ಲಿ ನಾಲ್ಕು ಮನೆಯ ಬಿಲ್ಡಿಂಗೇ ಅಪಾರ್ಟ್‌ಮೆಂಟು, ಕೆಳಗಿನ ಮನೆಯ ಓನರಮ್ಮನೇ ಅಸೋಸಿಯೇಷನ್ನು. ಅವರ ಕಾಯಿದೆಯಲ್ಲಿ ಒಂದೇ ಕಲಮು: ಗೋಡೆಗೆ ತೂತು ಕೊರೆಯಕೂಡದು. "ಕಿಟಕೀಲಿ ತಗೊಂಡ್ ಬನ್ನಿ, ಬಾಗ್ಲು ಸಂದೀಲಿ ಮಡಿಸಿ ಬಿಡಿ" ಎನ್ನುತ್ತಾರೆ. ಫೈಬರಿನೊಳಗೆ ಇರುವುದು ಕೂದಲೆಳೆಯಷ್ಟು ಗಾಜು. ಮೂಲೆಯಲ್ಲಿ ಚೂಪಾಗಿ ಮಡಿಸಿದರೆ ಬೆಳಕು ಸೋರಿ ಹೋಗಿ ಡಬ್ಬಿಯಲ್ಲಿ ಕೆಂಪು ದೀಪ ಹತ್ತುತ್ತದೆ. ವಿಚಾರಪ್ಪನವರು ಇದನ್ನು ಚಿತ್ರ ಬರೆದು ವಿವರಿಸಿದರು. ಓನರಮ್ಮ ಚಿತ್ರ ನೋಡಿ, "ಹೋದ ಸಲ ಪೇಂಟಿಗೆ ಎಷ್ಟಾಯ್ತು ಗೊತ್ತಾ?" ಎಂದರು.

ಎಲ್ಲಕ್ಕಿಂತ ಬಿಗಿಯಾದ ಗಂಟು ಕಾನೂನಿನದು. ಒಂದು ವರ್ಷ ಮೀರುವ ಗುತ್ತಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು ಯಾರಿಗೆ ಬೇಕು ಎಂದು ನಾಡಿನ ಬಾಡಿಗೆ ಅಗ್ರಿಮೆಂಟುಗಳೆಲ್ಲ 11 ತಿಂಗಳಿಗೆ ಮುಗಿಯುತ್ತವೆ. ಇಂಟರ್‌ನೆಟ್ಟಿನಲ್ಲಿ ಲಾಭವಿರುವುದು ವರ್ಷದ ಪ್ಲಾನಿನಲ್ಲಿ. 12 ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದರೆ ಕೆಲವರು ಮೇಲೊಂದು ತಿಂಗಳು ಪುಕ್ಕಟೆ ಕೊಡುತ್ತಾರೆ. ಅಗ್ರಿಮೆಂಟು 11, ಪ್ಲಾನು 13. ಉಳಿದ ಎರಡು ತಿಂಗಳ ನೆಟ್ಟು ಯಾರ ಪಾಲು? ಮುಂದಿನ ಬಾಡಿಗೆಯವರ ಹತ್ತಿರ ವಸೂಲು ಮಾಡುವುದೋ, ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದೋ? ಈ ಪ್ರಶ್ನೆಯಲ್ಲಿ ವಿಚಾರಪ್ಪನವರ ಒಂದು ಮಳೆಗಾಲ ಪೂರ್ತಿ ಕಳೆಯಿತು.

ಗಂಟು ಬಿಚ್ಚಿದ್ದು ಅವರ ಮನೆಯವರು, ಅದೂ ಕೇಬಲ್ ದುಡ್ಡಿಗೆ ಬಂದ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು. ಈ ಕಡೆ ಟೀವಿ ಕೇಬಲ್ ಎಳೆದವರಲ್ಲಿ ಎಷ್ಟೋ ಮಂದಿ ಈಗ ಫೈಬರನ್ನೂ ಎಳೆಯುತ್ತಾರೆ. ಬಿಎಸ್‌ಎನ್‌ಎಲ್ ಕೂಡ ಹಲವು ಕಡೆ ಸ್ಥಳೀಯ ಪಾಲುದಾರರ ಮೂಲಕವೇ ಮನೆ ಮುಟ್ಟುತ್ತದೆ. ಬಿಲ್ಲಿನ ಮೇಲೆ ಹೆಸರು ಯಾರದೇ ಇರಲಿ, ಕಂಬ ಹತ್ತುವವನು ಅದೇ ಹುಡುಗ.

"ನಮ್ಮನೆ ಮುಂದಿನ ಕಂಬಕ್ಕೆ ನಿಮ್ ಲೈನ್ ಐತೇನಪ್ಪಾ?"

"ಐತೆ ಅಕ್ಕ."

"ಕೆಟ್ರೆ ಯಾರಿಗೆ ಫೋನ್ ಮಾಡ್ಬೇಕು?"

"ನಂಗೇ ಮಾಡಿ."

"ಎತ್ತುತೀಯಾ?"

"ರಾತ್ರಿ ಒಂಬತ್ತರ ತಂಕ ಎತ್ತುತೀನಿ ಅಕ್ಕ."

"ಹಾಕು ಮತ್ತೆ. ತಿಂಗ್ಳು ತಿಂಗ್ಳು ಕೊಡ್ತೀವಿ."

ಕಂಬ, ಫೋನು, ಒಂಬತ್ತು ಗಂಟೆ. ಈ ಮೂರಕ್ಕೂ ಡೈರಿಯ ಪುಟದಲ್ಲಿ ಕಲಮು ಇರಲಿಲ್ಲ. ತೂತಿನ ಪ್ರಶ್ನೆಯೂ ಅಲ್ಲೇ ಮುಗಿಯಿತು. ಹಿಂದಿದ್ದ ಬಾಡಿಗೆಯವರು ಡಿಶ್ಶಿಗೆಂದು ಕೊರೆಸಿದ್ದ ತೂತೊಂದು ಕ್ಯಾಲೆಂಡರಿನ ಹಿಂದೆ ಮೊದಲಿನಿಂದಲೂ ಇತ್ತು. ವಾರವಾರ ಕ್ಯಾಲೆಂಡರು ಸರಿಸಿ ಕಸ ಹೊಡೆಯುವವರಿಗೆ ಅದು ಗೊತ್ತಿತ್ತು.

ವಿಚಾರಪ್ಪನವರು ಸಂಜೆ ಮನೆಗೆ ಬಂದಾಗ ಹಸಿರು ದೀಪ ಉರಿಯುತ್ತಿತ್ತು, ಮಗಳ ಪಾಠ ಓಡುತ್ತಿತ್ತು. ಅವರು ಮುನಿಸಿಕೊಳ್ಳಲಿಲ್ಲ. ಕೂಡಲೇ ನಡುಮನೆ, ರೂಮು, ಬಚ್ಚಲ ಬಾಗಿಲು ಎಂದು ನಿಂತಲ್ಲೆಲ್ಲ ವೇಗ ಅಳೆದು ಹೊಸ ಪುಟದಲ್ಲಿ ಬರೆದುಕೊಂಡರು. ಮರುದಿನ ಎದುರು ಮನೆಯವರು, "ಏನ್ ಸಾರ್, ಹಾಕ್ಸಿದ್ರಂತೆ? ನಾವೂ ಇದನ್ನೇ ಹಾಕ್ಸೋದಾ?" ಎಂದು ಕೇಳಿದರು.

ವಿಚಾರಪ್ಪನವರು ಮೆಟ್ಟಿಲ ಮೇಲೆ ಕೂತು ಡೈರಿ ಬಿಚ್ಚಿದರು. "ಆತುರ ಬೀಳ್ಬೇಡಿ. ನಿಮ್ ಅಗ್ರಿಮೆಂಟ್ ಎಷ್ಟು ತಿಂಗಳ್ದು, ಮೊದ್ಲು ಅದು ಹೇಳಿ."