ಲಿಫ್ಟ್ ಮೀಮಾಂಸೆ: ಮಂಡ್ಯ ಸೀಮೆಯ ಹಳೆ ಟ್ರ್ಯಾಕ್ಟರುಗಳಲ್ಲಿ ಏಳುಬೀಳಿನ ತತ್ತ್ವ

ಹಳೆಯ ಟ್ರ್ಯಾಕ್ಟರಿನ ಹಿಂದಿನ ತೋಳುಗಳು ಕಲ್ಟಿವೇಟರನ್ನು ಎತ್ತದಿರುವ, ಅಥವಾ ಎತ್ತಿದ್ದನ್ನು ಹಿಡಿದಿಟ್ಟುಕೊಳ್ಳಲಾರದ ಅವಸ್ಥೆಗೆ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ‘ಲಿಫ್ಟ್ ಹೋಗ್ಯದೆ’ ಎನ್ನುತ್ತಾರೆ. ಎಲ್ಲಿಗೆ ಹೋಯಿತೆಂಬುದೇ ಈ ಶಾಸ್ತ್ರದ ಮೂಲಪ್ರಶ್ನೆ. ವರ್ಷವಿಡೀ ಬರಬಹುದಾದ ಈ ವ್ಯಾಧಿ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು, ಊರಿನ ಕೇಜ್ ವೀಲುಗಳೆಲ್ಲ ಗದ್ದೆಗಿಳಿದ ವಾರವನ್ನೇ ಆರಿಸಿಕೊಳ್ಳುತ್ತದೆ.

ಒತ್ತಡದ ವಿದ್ಯೆ ಈ ಸೀಮೆಗೆ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯನ್ನು ಬೀಳಿಸಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಲಾಯಿತು. ಅಲ್ಲಿ ಬಿದ್ದದ್ದರಿಂದ ಬೆಳಕು ಹುಟ್ಟಿತು. ಇಲ್ಲಿ ಕಲ್ಟಿವೇಟರು ತಾನಾಗಿ ಬಿದ್ದರೆ ಮಾಲೀಕನಿಗೂ ಡ್ರೈವರಿಗೂ ಜಗಳ ಹುಟ್ಟುತ್ತದೆ. ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ 1926ರಲ್ಲಿ ಪೇಟೆಂಟ್ ಪಡೆದ ಎತ್ತುವ ಏರ್ಪಾಡು, 1960ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಟ್ಯಾಫೆ ಟ್ರ್ಯಾಕ್ಟರ್ ಕಂಪನಿಯ ಮೂಲಕ ಕಬ್ಬಿನ ಗದ್ದೆ ತಲುಪಿತು.

ಪಂಪು ತಳ್ಳಿದ ಎಣ್ಣೆ ಪಿಸ್ಟನ್ನನ್ನು ಒತ್ತುತ್ತದೆ, ಪಿಸ್ಟನ್ನು ತೋಳನ್ನೆತ್ತುತ್ತದೆ. ಲೆಕ್ಕ ಸರಳ. ಮೂರಿಂಚು ವ್ಯಾಸದ ಪಿಸ್ಟನ್ನಿನ ಮುಖ ಸುಮಾರು ಏಳು ಚದರ ಇಂಚು. ಚದರ ಇಂಚಿಗೆ 2,000 ಪೌಂಡ್ ಒತ್ತಡವೆಂದರೆ 14,000 ಪೌಂಡ್, ಆರು ಟನ್ನಿಗೂ ಮಿಗಿಲು. ತೋಳಿನ ತುದಿಗೆ ಬರುವಷ್ಟರಲ್ಲಿ ಸನ್ನೆಯ ನಿಯಮ ಅದರಲ್ಲಿ ತನ್ನ ಪಾಲು ಮುರಿದುಕೊಳ್ಳುತ್ತದೆ. ಇಷ್ಟು ಬಲ ಸೋರದಂತೆ ಅನೇಕ ಯಂತ್ರಗಳಲ್ಲಿ ಕಾಯುವುದು ಓ-ರಿಂಗ್ ಎಂಬ ಒಂದು ರಬ್ಬರ್ ಬಳೆ.

ಎಣ್ಣೆಯ ವಿಷಯದಲ್ಲಿ ಯಂತ್ರಗಳಲ್ಲಿ ಎರಡು ಮತ. ಲಿಫ್ಟಿಗೆ ಪ್ರತ್ಯೇಕ ಎಣ್ಣೆ ಇಟ್ಟುಕೊಂಡವು ದ್ವೈತಿಗಳು. ಮ್ಯಾಸಿ ಫರ್ಗ್ಯುಸನ್ 35ರ ವಂಶದವು ಶುದ್ಧ ಅದ್ವೈತಿಗಳು: ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ, ಪಂಪು ಅದರಲ್ಲೇ ಮುಳುಗಿದೆ. ರಾಮಾನುಜರ ಮೇಲುಕೋಟೆಯಿರುವ ಜಿಲ್ಲೆಯಲ್ಲಿ ಇಂಥ ಯಂತ್ರ ಇಷ್ಟು ಕಾಲ ನಿರ್ಭಯವಾಗಿ ಉತ್ತದ್ದು ಗಮನಾರ್ಹ. ಆದರೆ ಅದ್ವೈತಕ್ಕೆ ಒಂದು ಅಪಾಯವಿದೆ. ಗೇರಿನಿಂದ ಉದುರಿದ ಕಬ್ಬಿಣದ ಪುಡಿ ನೇರ ಪಂಪಿನ ಬಾಯಿಗೆ ಹೋಗುತ್ತದೆ.

ರೋಗನಿರ್ಣಯಕ್ಕೆ ನೈಯಾಯಿಕರ ನಾಲ್ಕು ಪ್ರಮಾಣಗಳೇ ಗತಿ. ಪ್ರತ್ಯಕ್ಷ: ಎಣ್ಣೆಯ ಅಳತೆಕಡ್ಡಿ ತೆಗೆದು ನೋಡುವುದು. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಗದ್ದೆಯ ನೀರು ಒಳಹೊಕ್ಕಿದೆ. ಇದೇ ಹಂತದಲ್ಲಿ ಪಿ.ಟಿ.ಒ. (ಇಂಜಿನ್ನಿನ ಬಲವನ್ನು ಉಪಕರಣಕ್ಕೆ ಒಯ್ಯುವ ಶಾಫ್ಟ್) ಲಿವರನ್ನೂ ನೋಡತಕ್ಕದ್ದು, ಕೆಲವು ಹಳೆಯ ಮಾದರಿಗಳಲ್ಲಿ ಆ ಲಿವರು ಹಾಕದಿದ್ದರೆ ಪಂಪು ತಿರುಗದು. ಅದು ನ್ಯೂಟ್ರಲ್‌ನಲ್ಲಿದ್ದುದನ್ನು ಯಾರೂ ನೋಡದೆ, ಟಾಪ್ ಕವರ್ ಬಿಚ್ಚುವವರೆಗೂ ಚರ್ಚೆ ಬೆಳೆಯುವುದುಂಟು.

ಅನುಮಾನ: ಬೆಟ್ಟದಲ್ಲಿ ಹೊಗೆಯಿದ್ದರೆ ಬೆಂಕಿಯಿದೆ ಎಂಬ ಹಳೆಯ ಉದಾಹರಣೆ ಇಲ್ಲಿ ಕೆಲಸಕ್ಕೆ ಬಾರದು, ಹೊಗೆ ಇಂಜಿನ್ನಿನ ವಿಭಾಗ. ಬರಿತೋಳು ಏಳುತ್ತದೆ, ಭಾರ ಹಾಕಿದರೆ ಏಳದು; ಆದ್ದರಿಂದ ಪಂಪು ಸವೆದಿದೆ, ಇಲ್ಲವೇ ರಿಲೀಫ್ ವಾಲ್ವ್ ಬೇಗ ಬಾಯಿಬಿಡುತ್ತಿದೆ, ಇಲ್ಲವೇ ಪಿಸ್ಟನ್ ಸೋರುತ್ತಿದೆ. ಎದ್ದದ್ದು ಇಂಜಿನ್ ನಿಲ್ಲಿಸಿದೊಡನೆ ಇಳಿಯುತ್ತದೆ. ಆದ್ದರಿಂದ ಪಂಪು ನಿರಪರಾಧಿ, ಸೀಲೋ ವಾಲ್ವೋ ತಪ್ಪಿತಸ್ಥ. ಉಪಮಾನವೆಂದರೆ ಪಕ್ಕದ ಊರಿನ ಅದೇ ಮಾದರಿಯ ಗಾಡಿಯ ವಾಲ್ವ್ ಕಳಚಿ ಇದಕ್ಕೆ ಹಾಕಿ ನೋಡುವುದು. ಆ ಗಾಡಿಯ ಮಾಲೀಕ ಇದನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಶಬ್ದ ಎರಡು ಬಗೆ. ಪಂಪು ಕೊರಗುಟ್ಟಿದರೆ ಜಾಲರಿ ಕಟ್ಟಿದೆ ಅಥವಾ ಗಾಳಿ ಎಳೆಯುತ್ತಿದೆ. ಮೇಸ್ತ್ರಿ ‘ಏನಿಲ್ಲ ಕಣಣ್ಣ, ಒಸಿ ಓ-ರಿಂಗು’ ಎಂದರೆ ಖರ್ಚು ಇನ್ನೂ ನಿರ್ಧಾರವಾಗಿಲ್ಲ.

ಚಿಕಿತ್ಸೆಗಾಗಿ ಮಂಡ್ಯಕ್ಕೆ ಒಯ್ಯುವುದಾದರೆ ಸರ್ವಿಸ್ ರಸ್ತೆಯೇ ಗತಿ; 2023ರ ಆಗಸ್ಟ್‌ನಿಂದ ಹೊಸ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥ ಟ್ರ್ಯಾಕ್ಟರಿಗೆ ನಿಷಿದ್ಧ. ಬಿಚ್ಚುವ ಮುನ್ನ ಉಪಕರಣವನ್ನು ನೆಲಕ್ಕಿಳಿಸಬೇಕು. ಎತ್ತಿ ನಿಲ್ಲಿಸಿದ್ದರ ಕೆಳಗೆ ತಲೆ ಹಾಕುವುದೂ, ಸೂಜಿರಂಧ್ರದ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡುವುದೂ ಶಾಸ್ತ್ರವಿರೋಧ. ಆ ಒತ್ತಡದ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ಈ ವಾಕ್ಯದಲ್ಲಿ ಅಣಕವಿಲ್ಲ.

ಮುಂದಿನದು ಕರ್ಮಕಾಂಡ: ಕವರ್ ಎತ್ತುವುದು, ಜಾಲರಿ ತೊಳೆಯುವುದು, ಸಿಲಿಂಡರಿನಲ್ಲಿ ಗೀರು ಹುಡುಕುವುದು. ಗೀರಿದ್ದ ಸಿಲಿಂಡರಿಗೆ ಹೊಸ ರಿಂಗ್ ಹಾಕಿ ಕಳಿಸುವ ಪಂಥವೊಂದಿದೆ. ಅದರ ಅನುಯಾಯಿಗಳು ಮುಂದಿನ ನಾಟಿಗೆ ಮರಳಿ ಬರುತ್ತಾರೆ. ಬಳೆಗೆ ಎಣ್ಣೆ ಸವರಿ, ತಿರುಚದೆ ಕೂರಿಸಿ, ಹೊಸ ಎಣ್ಣೆ ತುಂಬಿ, ತೋಳನ್ನು ಹಲವು ಬಾರಿ ಏರಿಳಿಸಿ ಗಾಳಿ ಹೊರಡಿಸಬೇಕು. ಕೊನೆಗೆ ಭಾರ ಎತ್ತಿಸಿ, ತೋಳಿನ ಎತ್ತರವನ್ನು ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಇಂಜಿನ್ ನಿಲ್ಲಿಸಿ, ಎಲ್ಲರೂ ಟೀ ಕುಡಿಯಲು ಹೋಗತಕ್ಕದ್ದು. ಮರಳಿದಾಗ ತೋಳು ಗುರುತಿಗಿಂತ ಕೆಳಗಿದ್ದರೆ ಗುರುತು ತಪ್ಪೆಂಬುದು ಮೇಸ್ತ್ರಿಯ ಪೂರ್ವಪಕ್ಷ.