ಮುಂದೆ, ಮುಂದೆ, ಮುಗಿಯಿತು

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಯಾವ ಸಾಫ್ಟ್‌ವೇರ್ ಕಂಪನಿಗೆ ಹೊಕ್ಕರೂ ಗೈಡಪ್ಪ ಸಿಗುತ್ತಾನೆ. ಕಾರ್ಡಿನ ಮೇಲೆ ‘ಪ್ರಾಡಕ್ಟ್ ಮ್ಯಾನೇಜರ್’ ಅಂತಿರುತ್ತದೆ, ಅಷ್ಟೆ. ಹೊಸ ಆ್ಯಪ್ ತೆರೆದ ಕೂಡಲೇ ಪರದೆಯೆಲ್ಲ ಮಂಕಾಗಿ, ಒಂದು ಮೂಲೆ ಮಾತ್ರ ಬೆಳಗಿ, ಪಕ್ಕದಲ್ಲಿ ನೀಲಿ ಗುಳ್ಳೆಯೊಂದು ಎದ್ದು ‘ನಮಸ್ಕಾರ! ಇಲ್ಲಿ ಹುಡುಕಬಹುದು’ ಅನ್ನುತ್ತದಲ್ಲ, ಅದು ಇವನ ಕೈಚಳಕ. ಪಕ್ಕದಲ್ಲೇ ಭೂತಗನ್ನಡಿಯ ಚಿತ್ರವಿದೆ ಎಂದರೆ ಕೇಳುವವನಲ್ಲ. ಬೇಲೂರಿನ ಗೈಡು ‘ಬೇಡಪ್ಪಾ’ ಎಂದರೆ ಮುಂದಿನ ಬಸ್ಸಿನವರನ್ನು ಹಿಡಿಯುತ್ತಾನೆ. ಇವನು ದಾರಿಯನ್ನೇ ಬಿಡುವುದಿಲ್ಲ.

ವಂಶ ಹಳೆಯದು. ಮೈಕ್ರೋಸಾಫ್ಟ್‌ನ ‘ಆಫೀಸ್ 97’ರಲ್ಲಿ ಹುಬ್ಬು ಕುಣಿಸುತ್ತಾ ಬಂದು, ಕೇಳದಿದ್ದರೂ ಬುದ್ಧಿ ಹೇಳುತ್ತಿದ್ದ ಪೇಪರ್ ಕ್ಲಿಪ್ ‘ಕ್ಲಿಪ್ಪಿ’ ಇವನ ದೊಡ್ಡಪ್ಪ. ಜನ ಬೈದೂ ಬೈದೂ ‘ಆಫೀಸ್ 2007’ರ ಹೊತ್ತಿಗೆ ಅದಕ್ಕೆ ಗೇಟ್‌ಪಾಸ್ ಸಿಕ್ಕಿತು. ಆದರೆ ಸಂತಾನ ಉದ್ಧಾರವಾಯಿತು. ಇಂಥ ಗುಳ್ಳೆ ಎಬ್ಬಿಸುವ ಸಲಕರಣೆ ಮಾರುವ ಇಸ್ರೇಲಿನ ವಾಕ್‌ಮಿಯನ್ನು 2024ರಲ್ಲಿ ಎಸ್‌ಎಪಿ ಸುಮಾರು 150 ಕೋಟಿ ಡಾಲರಿಗೆ ಕೊಂಡಿತು. ಅದೇ ಕಸುಬಿನ ವಾಟ್‌ಫಿಕ್ಸ್ ಬೆಳೆದದ್ದು ನಮ್ಮ ಬೆಂಗಳೂರಿನಲ್ಲೇ. ಗೈಡಪ್ಪನ ಎದುರು ಕ್ಲಿಪ್ಪಿಯ ಮಾತೆತ್ತಿದರೆ ಈ ಎರಡನ್ನೂ ಒಪ್ಪಿಸಿಬಿಡುತ್ತಾನೆ.

ಸಲಕರಣೆಯ ಸೊಗಸೆಂದರೆ ಕೋಡ್ ಬರೆಯಬೇಕಿಲ್ಲ. ಬಟನ್ ತೋರಿಸು, ಗುಳ್ಳೆ ಅಂಟಿಸು, ಪಬ್ಲಿಶ್ ಒತ್ತು. ಎಲ್ಲ ಕೆಟ್ಟದ್ದೂ ಇಲ್ಲೇ. ಇನ್‌ವಾಯ್ಸ್ ಬಟನ್ ಸೆಟ್ಟಿಂಗ್ಸಿನ ಒಳಗೆಲ್ಲೋ ಅವಿತು ಕೂತಿದೆ, ಯಾರ ಕಣ್ಣಿಗೂ ಬೀಳುತ್ತಿಲ್ಲ. ಈಚೆಗೆ ತಂದಿಟ್ಟರೆ ಮುಗಿಯಿತು. ಡೆವಲಪರ್ ಹುಡುಗಿ ‘ಈ ಸ್ಪ್ರಿಂಟಲ್ಲಿ ಆಗಲ್ಲ ಸರ್’ ಅನ್ನುತ್ತಾಳೆ.

‘ಬಿಡಮ್ಮಾ, ಒಂದು ಟೂರ್ ಹಾಕ್ತೀನಿ.’

ಹಾಕಿದ. ಹನ್ನೊಂದು ಗುಳ್ಳೆ, ಕೊನೆಗೆ ಪರದೆ ತುಂಬ ಬಣ್ಣದ ಕಾಗದಚೂರಿನ ಮಳೆ. ಸೋಮವಾರದ ಮೀಟಿಂಗಿನಲ್ಲಿ ಗ್ರಾಫ್ ತೋರಿಸಿ ‘ಹೆಚ್ಚುಕಡಿಮೆ ಎಲ್ಲರೂ ಟೂರ್ ಮುಗಿಸಿದ್ದಾರೆ’ ಎಂದು ಬೀಗಿದ. ಮುಗಿಸದೆ ಏನು ಮಾಡಿಯಾರು? ‘ಸ್ಕಿಪ್’ ಬಟನ್ನನ್ನೇ ಕಿತ್ತುಹಾಕಿದ್ದನಲ್ಲ. ಓದಿ ಒತ್ತಿದರೋ, ಕಾಟ ತಪ್ಪಲೆಂದು ಒತ್ತಿದರೋ, ಗ್ರಾಫಿಗೆ ಆ ವಿಚಾರಣೆ ಬೇಡ.

ಕೆಲವು ವಾರಗಳ ಮೇಲೆ ಡೆವಲಪರ್ ಹುಡುಗಿಗೆ ಬಿಡುವಾಯಿತು. ಇನ್‌ವಾಯ್ಸ್ ಬಟನ್ ಮುಂಪುಟಕ್ಕೆ ಬಂತು. ಗುಳ್ಳೆಗೆ ಆ ಸುದ್ದಿ ತಲುಪಲಿಲ್ಲ. ಅದು ಬಟನ್ನನ್ನು ಹುಡುಕುವುದು ಪುಟದ ಕೋಡಿನಲ್ಲಿ ಕೊಟ್ಟ ವಿಳಾಸ ಹಿಡಿದು. ಆ ವಿಳಾಸಕ್ಕೆ ಈಗ ಬೇರೊಬ್ಬರು ಬಾಡಿಗೆಗೆ ಬಂದಿದ್ದರು. ‘ನಿಮ್ಮ ಮೊದಲ ಇನ್‌ವಾಯ್ಸಿಗಾಗಿ ಇದನ್ನು ಒತ್ತಿ!’ ಎಂದು ಅದು ಉತ್ಸಾಹದಿಂದ ತೋರಿಸುತ್ತಿದ್ದದ್ದು ‘ಖಾತೆ ಅಳಿಸಿ’ ಬಟನ್ನನ್ನು.

ಸಪೋರ್ಟಿನವರ ಫೋನು ಬಡಿದುಕೊಳ್ಳತೊಡಗಿತು. ಗೈಡಪ್ಪ ಗಾಬರಿಯಾಗಲಿಲ್ಲ. ಲ್ಯಾಪ್‌ಟಾಪ್ ತೆರೆದ, ಹಳೆಯ ಗುಳ್ಳೆಯ ಪಕ್ಕದಲ್ಲಿ ಕೆಂಪು ಗುಳ್ಳೆಯೊಂದನ್ನು ಎಬ್ಬಿಸಿದ: ‘ಪಕ್ಕದ ಗುಳ್ಳೆಯ ಮಾತು ಕೇಳಬೇಡಿ.’ ಕೆಳಗೆ ‘ಮುಂದೆ’ ಬಟನ್ ಇಡುವುದನ್ನು ಮಾತ್ರ ಮರೆಯಲಿಲ್ಲ.