ದೂರು–ಪರೀಕ್ಷಾ ಸಂಯೋಜನ ಶಾಸ್ತ್ರ: ಮೂರು ತಾಲ್ಲೂಕಿನ ಭಾಷ್ಯ

ಪ್ರಥಮ ಸೂತ್ರ: ದಾಖಲಾಗುವ ಮುನ್ನ ತೊಂದರೆಯಾಗಿದ್ದು, ದಾಖಲಾದ ಮೇಲೆ ಬರೀ ಸಂಖ್ಯೆಯಾಗುವುದು ಯಾವುದೋ ಅದು ದೂರು. ದ್ವಿತೀಯ ಸೂತ್ರ: ದೂರಿನ ಕಣ್ಣಿಗೆ ಬೀಳದ ಹಾಗೆ ಬೇರೊಂದು ಪೋರ್ಟಲಿನಲ್ಲಿ ಕ್ಷೇಮವಾಗಿರುವುದು ಯಾವುದೋ ಅದು ಪರೀಕ್ಷೆ. ಇವೆರಡನ್ನೂ ಬೆಸೆಯುವ ವಿದ್ಯೆಗೆ ‘ಸಮಗ್ರ ಪರೀಕ್ಷಾ-ನಿರ್ವಹಣಾ-ದೂರು-ಜಾಡು-ಸಂಯೋಜನಾ ಚೌಕಟ್ಟು’ ಎಂದು ಹೆಸರು. ಬೆಂಗಳೂರಿನಿಂದ ಬಂದ ಸಲಹೆಗಾರರೊಬ್ಬರು ತಾಲ್ಲೂಕು ಮಟ್ಟದ ತರಬೇತಿಯಲ್ಲಿ ಇದನ್ನು ಬಾಣದ ಗುರುತುಗಳ ಸಮೇತ ಉಪದೇಶಿಸಿದರು. ಊಟದ ಹೊತ್ತಿಗೆ ಬಾಣಗಳೆಲ್ಲ ಸುತ್ತಿ ಬಂದು ಹೊರಟಲ್ಲೇ ನಿಂತಿದ್ದವು.

ಶಾಸ್ತ್ರದ ಮೂಲ ಸಾಫ್ಟ್‌ವೇರಿನವರದು. ದೋಷಗಳ ಜಾಡು ಹಿಡಿಯಲು 1998ರಲ್ಲಿ ಮೊಜಿಲ್ಲಾದವರ ಬಗ್‌ಜಿಲ್ಲಾ ಬಂತು, 2002ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿಯ ಜಿರಾ ಬಂತು. ಅಲ್ಲಿ ಒಬ್ಬ ಪರೀಕ್ಷೆ ಮಾಡುತ್ತಾನೆ. ಸೋತರೆ ಆ ಪರೀಕ್ಷೆಗೇ ಗಂಟು ಹಾಕಿ ದೋಷ ಬರೆಯುತ್ತಾನೆ. ಮತ್ತೊಬ್ಬ ರಿಪೇರಿ ಮಾಡಿ ‘ರಿಸಾಲ್ವ್ಡ್’ ಅನ್ನುತ್ತಾನೆ. ಅಷ್ಟಕ್ಕೆ ಮುಗಿಯಲಿಲ್ಲ. ಮೊದಲನೆಯವನು ಅದೇ ಪರೀಕ್ಷೆ ಮತ್ತೆ ನಡೆಸಿ ‘ವೆರಿಫೈಡ್’ ಅಂದ ಮೇಲೆ ಕಡತ ಮುಚ್ಚುವುದು ಪದ್ಧತಿ. ರಿಪೇರಿ ಮಾಡಿದವನೇ ತನಗೆ ತಾನೇ ನೂರು ಅಂಕ ಕೊಟ್ಟುಕೊಳ್ಳುವಂತಿಲ್ಲ.

ಇದೇನು ಮಹಾ ಹೊಸದೂ ಅಲ್ಲ. ಕಲಬುರಗಿ ಸೀಮೆಯ ಮರ್ತೂರಿನವನೆಂದು ನಮ್ಮವರು ಹೇಳಿಕೊಳ್ಳುವ ವಿಜ್ಞಾನೇಶ್ವರ, ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರಾ’ ಬರೆದ. ಅಲ್ಲಿ ವ್ಯವಹಾರಕ್ಕೆ, ಅಂದರೆ ವ್ಯಾಜ್ಯಕ್ಕೆ, ನಾಲ್ಕು ಪಾದ: ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ. ದೂರು ಕೊಡು, ಎದುರಿನವನ ಮಾತು ಕೇಳು, ಪುರಾವೆ ನೋಡು, ಆಮೇಲೆ ತೀರ್ಮಾನ. ನಮ್ಮ ನೂತನ ಚೌಕಟ್ಟು ಮೂರನೆಯ ಪಾದವನ್ನು ಕತ್ತರಿಸಿ ವೇಗ ಹೆಚ್ಚಿಸಿದೆ.

ಇನ್ನು ಮುಕ್ತಾಯ ಪ್ರಕರಣ. ದೂರುಗಳು ಎಂಟು ವಿಧವಾಗಿ ಮುಕ್ತಿ ಹೊಂದುತ್ತವೆ.

ಒಂದು, ಇನ್‌ವ್ಯಾಲಿಡ್, ಅಂದರೆ ಅಸಿಂಧು. ಆಳಂದದ ಕಡೆಯ ರೈತ ಸರ್ವೆ ನಂಬರು ಬರೆದು ಹಿಸ್ಸಾ ನಂಬರು ಮರೆತರೆ ಅವನ ಹೊಲಕ್ಕೆ ತೊಂದರೆಯೇ ಆಗಿರುವುದಿಲ್ಲ.

ಎರಡು, ಡೂಪ್ಲಿಕೇಟ್. ಅಫಜಲಪುರದಲ್ಲಿ ಭೀಮಾ ದಂಡೆಯ ಒಂದು ಓಣಿಯವರೆಲ್ಲ ಒಂದೇ ನಳದ ಬಗ್ಗೆ ಬರೆದರೆನ್ನಿ. ಮೊದಲನೆಯದು ದೂರು, ಮಿಕ್ಕವು ನಕಲು. ಮೊದಲನೆಯದನ್ನು ಮುಚ್ಚಿದರೆ ಇಡೀ ಓಣಿಯ ಬಾಯಿ ಮುಚ್ಚಿದಂತಾಯಿತು.

ಮೂರು, ವರ್ಕ್ಸ್ ಫಾರ್ ಮಿ, ಅಂದರೆ ‘ನಾವು ನೋಡಿದಾಗ ಸರಿಯಿತ್ತು’. ಜೇವರ್ಗಿ ಕಡೆ ಬೆಳಿಗ್ಗೆ ಮಾತ್ರ ನೀರು ಬಿಡುವ ಊರಿಗೆ ಬೆಳಿಗ್ಗೆಯೇ ಬಂದು ಹೋಗುವುದು ಇದರ ಲಕ್ಷಣ.

ನಾಲ್ಕು, ವೋಂಟ್‌ಫಿಕ್ಸ್. ಸಾಫ್ಟ್‌ವೇರಿನವರು ‘ಇದನ್ನು ಮಾಡುವುದಿಲ್ಲ’ ಎಂದು ಬಾಯಿಬಿಟ್ಟು ಬರೆಯುತ್ತಾರೆ. ಅಷ್ಟು ಪ್ರಾಮಾಣಿಕತೆಗೆ ನಮ್ಮಲ್ಲಿ ಕಾಲಂ ಇಲ್ಲ. ಉಳಿದ ನಾಲ್ಕನ್ನು ವಿವರಿಸುವ ಹುರುಪು ನನಗೆ ಉಳಿದಿಲ್ಲ; ಅವೂ ಇವುಗಳ ಅಣ್ಣತಮ್ಮಂದಿರೇ.

ಹುರುಪು ಇಳಿದದ್ದಕ್ಕೆ ಕಾರಣ ಒಂದು ಬಾಟಲಿ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಪ್ರಕಾರ ಮನೆಮನೆಗೆ ನಳ, ತಲೆಗೆ ದಿನಕ್ಕೆ 55 ಲೀಟರ್ ನೀರು. ಜೊತೆಗೆ ಪ್ರತಿ ಊರಿನಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆ ಕಲಿಸಬೇಕು, ಕಿಟ್ ಕೊಡಬೇಕು. ನಿಜಕ್ಕೂ ಒಳ್ಳೆಯ ಯೋಚನೆ. ಇದರಲ್ಲಿ ನನಗೆ ಅಣಕವಿಲ್ಲ. ಕಿಟ್ಟಿನ ಸಣ್ಣ ಬಾಟಲಿಗೆ ನೀರು ತುಂಬಿ, ಒಂದೆರಡು ದಿನ ಇಟ್ಟು ನೋಡುವುದು. ಕಪ್ಪಾದರೆ ಹೊಲಸು ಸೇರಿರುವ ಸಂಶಯ. ಇದಕ್ಕೆ ಬಾಣದ ಗುರುತು ಬೇಕಿಲ್ಲ, ಕಣ್ಣು ಸಾಕು.

ಆ ಐವರಲ್ಲಿ ಒಬ್ಬಾಕೆ ತೊಗರಿ ಹೊಲದ ಕೂಲಿ ಬಿಟ್ಟು ಬಾಟಲಿ ಹಿಡಿದುಕೊಂಡೇ ತರಬೇತಿಗೆ ಬಂದಿದ್ದಳು. “ನೋಡ್ರಿ ಸರ, ಹೆಂಗ್ ಕರ್ರಗ ಆಗ್ಯಾದ. ದೂರು ಕೊಟ್ಟೀವಿ. ಕೆಲಸ ಮುಗದದ ಅಂತ ಮೆಸೇಜ್ ಬಂದದ. ನೀರು ಹಂಗೇ ಅವರಿ.” ಸಲಹೆಗಾರರು ಬಾಟಲಿ ಕೈಗೆ ತೆಗೆದುಕೊಳ್ಳಲಿಲ್ಲ. ದತ್ತಾಂಶವನ್ನು ಆ್ಯಪಿನ ಮೂಲಕವೇ ಸಲ್ಲಿಸಬೇಕಂತೆ.

ಕೇಳಿ, ದೂರು ಕೊಡುವ ದಾರಿಗೆ ಇಲ್ಲಿ ಬರವಿಲ್ಲ. 2012ರಲ್ಲಿ, ಸರ್ಕಾರಿ ಸೇವೆ ತಡವಾದರೆ ಮೇಲ್ಮನವಿ ಸಲ್ಲಿಸಲು ಸಕಾಲ ಬಂತು, ಆಮೇಲೆ ದೂರಿಗೆಂದೇ 1902 ಸಹಾಯವಾಣಿ ಬಂತು. ಕೊಡಬಹುದು, ಕೊಡುತ್ತಲೇ ಇರಬಹುದು. ಆದರೆ ಪರೀಕ್ಷೆ ಮಾಡಿದವಳನ್ನು ಕೇಳದೆ ದೂರು ಮುಚ್ಚುವ ಅಧಿಕಾರ ಯಾರು ಕೊಟ್ಟರು? ಕಪ್ಪು ಬಾಟಲಿಯಾದರೂ ಕಣ್ಣಿಗೆ ಕಾಣುತ್ತದೆ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂನ ಮಿತಿ ದಾಟಿದರೂ ನೀರಿಗೆ ಬಣ್ಣ ಬರುವುದಿಲ್ಲ, ವಾಸನೆ ಇಲ್ಲ. ಕೂಸಿಗೆ ಕುಡಿಸುವವಳಿಗೆ ತಿಳಿಯುವುದೇ ಇಲ್ಲ. ಅದನ್ನು ಹೇಳಬಲ್ಲದ್ದು ಪರೀಕ್ಷೆ ಒಂದೇ. ಅದನ್ನೇ ಹೊರಗಿಟ್ಟು ‘ಶೇಕಡಾವಾರು ವಿಲೇವಾರಿ’ ಎಂದು ಹಸಿರು ಬಣ್ಣದ ಪಟ್ಟಿ ಬರೆದರೆ, ಆ ಹಸಿರು ಯಾರ ಹೊಟ್ಟೆಗೆ?

ಹೊಸ ಆ್ಯಪ್ ಬೇಡ, ಟೆಂಡರ್ ಬೇಡ. ದೂರಿನ ಕೊನೆಯ ಕಾಲಂನಲ್ಲಿ ಆ ಐವರಲ್ಲಿ ಒಬ್ಬಳ ಮೊಬೈಲ್ ನಂಬರಿರಲಿ. ಮತ್ತೊಮ್ಮೆ ಬಾಟಲಿ ತುಂಬಿ, ನೋಡಿ, ಅವಳು ‘ಆಯ್ತು’ ಎಂದು ಒತ್ತುವ ತನಕ ದೂರು ತೆರೆದೇ ಇರಲಿ. ಸಲಹೆಗಾರರಿಗೆ ಇದನ್ನೇ ಹೇಳಿದೆ. ಅದು ಎರಡನೇ ಹಂತದಲ್ಲಿ ಬರುತ್ತದೆ ಎಂದರು. ಮೊದಲನೇ ಹಂತ ಯಾವಾಗ ಮುಗಿಯುತ್ತದೆ ಎಂದು ಕೇಳಿದೆ.

ಮುಗಿದಿದೆ ಎಂದರು.